ನಿಧಾನದ ಬಲ

ಚೀನಾ ದೇಶದ ನಗರಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಮರಗಳ ಕೆಳಗೆ ಹತ್ತಾರು ಮಂದಿ ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಅನೇಕರು ತಲೆ ನರೆತವರು. ಎಲ್ಲರ ಕೈಗಳೂ ನೀರಿನೊಳಗೆ ಚಲಿಸುವಂತೆ ಮೆಲ್ಲಮೆಲ್ಲನೆ ಮೇಲೇಳುತ್ತವೆ. ಅಷ್ಟೇ ಮೆಲ್ಲನೆ ಕೆಳಗಿಳಿಯುತ್ತವೆ. ಏದುಸಿರಿಲ್ಲ, ಅವಸರವಿಲ್ಲ. ಇದೂ ಒಂದು ವ್ಯಾಯಾಮವೇ ಎಂದು ಹೊಸಬರಿಗೆ ಅಚ್ಚರಿಯಾದೀತು. ಆದರೆ ಈ ನಿಧಾನದ ಹಿಂದೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಅನುಭವವಿದೆ.

ಈ ಪ್ರಾಚೀನತೆಗೆ ಸಾಕ್ಷಿ ದೊರೆತದ್ದು ನೆಲದ ಒಡಲಿನಲ್ಲಿ. 1973ರಲ್ಲಿ ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ ಪುರಾತನ ಸಮಾಧಿಯೊಂದನ್ನು ಅಗೆಯಲಾಯಿತು. ಅದು ಕ್ರಿ.ಪೂ. 168ರ ಕಾಲದ್ದು. ಅದರೊಳಗೆ ರೇಷ್ಮೆಯ ಮೇಲೆ ಬರೆದ ಚಿತ್ರವೊಂದು ಜೀರ್ಣವಾಗಿ, ತುಂಡುತುಂಡಾಗಿ ಸಿಕ್ಕಿತು. ವಿದ್ವಾಂಸರು ಆ ತುಂಡುಗಳನ್ನು ತಾಳ್ಮೆಯಿಂದ ಜೋಡಿಸಿದಾಗ ವ್ಯಾಯಾಮ ಮಾಡುತ್ತಿರುವ 44 ಮಂದಿಯ ಆಕೃತಿಗಳು ಮೂಡಿಬಂದವು. ಅವರಲ್ಲಿ ಗಂಡಸರೂ ಹೆಂಗಸರೂ ಇದ್ದಾರೆ. ಕಿರಿಯರೂ ಹಿರಿಯರೂ ಇದ್ದಾರೆ. ದೇಹಸಾಧನೆಯು ಕೇವಲ ಯೋಧರ ಸೊತ್ತಲ್ಲವೆಂಬುದನ್ನು ಆ ಕಾಲದ ಜನರು ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ.

ಹಾನ್ ರಾಜವಂಶದ ಕೊನೆಗಾಲದಲ್ಲಿ ಹುವಾ ತುವೊ ಎಂಬ ಪ್ರಸಿದ್ಧ ವೈದ್ಯನಿದ್ದನು. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಈ ಐದು ಪ್ರಾಣಿಗಳ ಚಲನೆಯನ್ನು ಅನುಸರಿಸಿ ಅವನು ವ್ಯಾಯಾಮಗಳನ್ನು ಕಲಿಸಿದನು. ದೇಹಕ್ಕೆ ದುಡಿಮೆ ಬೇಕು, ಆದರೆ ಅದು ಅತಿಯಾಗಬಾರದು ಎಂಬುದು ಅವನ ಉಪದೇಶವಾಗಿತ್ತು. ಅದನ್ನು ಪಾಲಿಸಿದ ಶಿಷ್ಯನೊಬ್ಬನು ತೊಂಬತ್ತು ದಾಟಿದ ಮೇಲೂ ಕಣ್ಣು, ಕಿವಿ, ಹಲ್ಲುಗಳನ್ನು ಗಟ್ಟಿಯಾಗಿ ಉಳಿಸಿಕೊಂಡಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ.

ಮುಂದೆ ಪ್ರಚಾರಕ್ಕೆ ಬಂದ ‘ಬಾ ದುವಾನ್ ಜಿನ್’ ಎಂಬ ಕ್ರಮದಲ್ಲಿ ಎಂಟು ಚಲನೆಗಳಿವೆ. ‘ಕಸೂತಿ ರೇಷ್ಮೆಯ ಎಂಟು ತುಂಡುಗಳು’ ಎಂಬುದು ಆ ಹೆಸರಿನ ಅರ್ಥ. ಅಂಗೈಗಳಿಂದ ಆಕಾಶವನ್ನೇ ಎತ್ತಿ ಹಿಡಿದಂತೆ ಮೈ ನೀಳುವುದು ಮೊದಲನೆಯದು. ಬಿಲ್ಲನ್ನು ಎಳೆಯುವಂತೆ ಎದೆಯನ್ನು ಅರಳಿಸುವುದು ಎರಡನೆಯದು. ಹಿಮ್ಮಡಿಗಳನ್ನೆತ್ತಿ ಏಳು ಬಾರಿ ನೆಲಕ್ಕಿಳಿಸುವುದು ಕೊನೆಯದು. ಕೈ ಏರುವಾಗ ಉಸಿರು ಒಳಕ್ಕೆ, ಇಳಿಯುವಾಗ ಹೊರಕ್ಕೆ. ಮನಸ್ಸು ಉಸಿರನ್ನು ಹಿಂಬಾಲಿಸುತ್ತದೆ.

ಹೆನಾನ್ ಪ್ರಾಂತದ ಚೆನ್ ಮನೆತನದವರ ಹಳ್ಳಿಯಲ್ಲಿ ಬೆಳೆದ ‘ತಾಯ್ ಚಿ’ ಮೂಲತಃ ಯುದ್ಧಕಲೆ. ಬಹುಕಾಲ ಅದು ಆ ಮನೆತನದಲ್ಲಿಯೇ ಉಳಿದಿತ್ತು. 19ನೆಯ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬ ಹೊರಗಿನವನು ಅದನ್ನು ಅಲ್ಲಿ ಕಲಿತು, ಬೀಜಿಂಗಿನಲ್ಲಿ ಇತರರಿಗೆ ಕಲಿಸಿದನು. 1956ರಲ್ಲಿ ಜನಸಾಮಾನ್ಯರಿಗಾಗಿ 24 ಚಲನೆಗಳ ಸರಳ ಕ್ರಮವು ರೂಪುಗೊಂಡಿತು. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ನಿಧಾನದಿಂದ ಬಲ ಬರುವುದು ಹೇಗೆ? ಬಿರುಸಾಗಿ ನಡೆಯುವಾಗ ವೇಗವೂ ದೇಹವನ್ನು ಮುಂದಕ್ಕೆ ಸಾಗಿಸುತ್ತದೆ. ಮಂಡಿಯನ್ನು ತುಸು ಬಗ್ಗಿಸಿ ನಿಧಾನವಾಗಿ ಹೆಜ್ಜೆಯಿಡುವಾಗ ಆ ನೆರವಿಲ್ಲ. ಮೈಭಾರವನ್ನು ಕಾಲಿನ ಸ್ನಾಯುಗಳೇ ಪ್ರತಿಕ್ಷಣವೂ ಹೊರಬೇಕು. ಇದರಿಂದ ಕಾಲು ಬಲಿಯುತ್ತದೆ, ಸಮತೋಲನ ಹೆಚ್ಚುತ್ತದೆ. ಮುಪ್ಪಿನಲ್ಲಿ ಒಮ್ಮೆ ಜಾರಿಬಿದ್ದು ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗುವುದುಂಟು. ಆಗ ಸಮತೋಲನದ ಬೆಲೆ ತಿಳಿಯುತ್ತದೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯನ್ನು ಕುರಿತು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಬಾರಿ, 24 ವಾರಗಳ ಕಾಲ ತಾಯ್ ಚಿ ಅಭ್ಯಾಸ ಮಾಡಿದವರ ಸಮತೋಲನ ಸುಧಾರಿಸಿತ್ತು; ಬರಿಯ ಅಂಗಚಾಚುವಿಕೆಯನ್ನು ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು.

ಹಾಗೆಂದು ಇದು ಸಕಲ ರೋಗಗಳಿಗೂ ಮದ್ದಲ್ಲ. ವೈದ್ಯನ ಸ್ಥಾನವನ್ನು ಇದು ತುಂಬಲಾರದು. ಕಾಯಿಲೆ ಬಂದಾಗ ಔಷಧ ಬೇಕೇ ಬೇಕು. ಆದರೆ ಕೊನೆಯವರೆಗೂ ತನ್ನ ಕಾಲ ಮೇಲೆ ತಾನು ನಿಲ್ಲುವ ಶಕ್ತಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ದಿನದಿನದ ಅಭ್ಯಾಸದಿಂದ ಅದನ್ನು ತಾನೇ ಗಳಿಸಬೇಕು. ಉದ್ಯಾನದಲ್ಲಿ ಮೆಲ್ಲನೆ ಕೈಯೆತ್ತುವ ಆ ವೃದ್ಧರು ಪ್ರತಿ ಮುಂಜಾನೆ ಗಳಿಸುತ್ತಿರುವುದು ಅದನ್ನೇ.