ಅಂಗಡಿ ಲೆಕ್ಕ ತಪ್ಪುತ್ತಿದೆ, ಲಿವರ್ ಕಾರಣವೇ?

ಓದುಗರೊಬ್ಬರ ಪತಿಗೆ ಲಿವರ್ ಸಿರೋಸಿಸ್. ಮಾತು ಚೆನ್ನಾಗಿಯೇ ಇದೆ. ಅಂಗಡಿ ಲೆಕ್ಕ ಮಾತ್ರ ತಪ್ಪುತ್ತಿದೆ, ಹಗಲೆಲ್ಲ ತೂಕಡಿಕೆ. ಇದು ವಯಸ್ಸಿನ ಮರೆವೇ ಎಂದು ಅವರು ಕೇಳಿದ್ದಾರೆ.

ವೈದ್ಯರ ಉತ್ತರ: ವಯಸ್ಸೆಂದು ಬಿಡಬೇಡಿ, ಅಮ್ಮ. ಸೋತ ಲಿವರ್ ಅಮೋನಿಯಾವನ್ನು ಪೂರ್ತಿ ತೆಗೆಯಲಾರದೆ ಮಿದುಳು ಮಂಕಾಗುತ್ತದೆ. ಮೊದಮೊದಲು ಮಾತುಕತೆಯಲ್ಲಿ ಅದು ತಿಳಿಯದೇ ಇರಬಹುದು.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ, ಎಣಿಸಿ. 20ಕ್ಕಿಂತ ಕಡಿಮೆಯಾದರೆ ಲಿವರ್ ತಜ್ಞರಿಗೆ ತಿಳಿಸಿ. ಓದು ಕಡಿಮೆಯಿದ್ದರೂ ಹೀಗಾಗಬಹುದು. ಆದ್ದರಿಂದ ತಜ್ಞರು ಅಂಕಿ ಜೋಡಿಸುವ ಪರೀಕ್ಷೆಯನ್ನೂ ಮಾಡಬಹುದು. ರಕ್ತದ ಅಮೋನಿಯಾ ಒಂದನ್ನೇ ನಂಬಬೇಡಿ.

ತಜ್ಞರು ನೋಡಿ ಹೇಳುವವರೆಗೆ ಸ್ಕೂಟರ್ ಬೇಡ. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಕೊಡಬೇಡಿ. ಲ್ಯಾಕ್ಟುಲೋಸ್ ಬರೆದುಕೊಟ್ಟರೆ, ದಿನಕ್ಕೆ 2–3 ಸಲ ಮೆತ್ತಗೆ ಮಲವಾಗುವಂತಿರಲಿ. ಬೇಳೆ, ಮೊಸರು ನಿಲ್ಲಿಸಬೇಡಿ.

ಕಪ್ಪು ಮಲ, ರಕ್ತವಾಂತಿ, ಜ್ವರ, ಗೊಂದಲ ಕಂಡರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.