ಸಣ್ಣ ಕಾರ್ಯಾಗಾರಕ್ಕೊಂದು ಯಂತ್ರಹಸ್ತ

ಇಂದಿನ ಯಾವುದೇ ಎಲೆಕ್ಟ್ರಾನಿಕ್ ಉಪಕರಣವನ್ನು ಬಿಚ್ಚಿ ನೋಡಿದರೂ, ಸರ್ಕ್ಯೂಟ್ ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ಕಿರಿದಾದ ಭಾಗಗಳನ್ನು ಕಾಣುತ್ತೇವೆ. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ರೆಸಿಸ್ಟರಿನ ಉದ್ದ 1.6 ಮಿಲಿಮೀಟರು, ಅಗಲ 0.8. ದೊಡ್ಡ ಕಾರ್ಖಾನೆಗಳಲ್ಲಿ ಇವನ್ನು ಇಡಲು ಭಾರಿ ಬೆಲೆಯ ಯಂತ್ರಗಳುಂಟು. ಐವತ್ತೇ ಹಲಗೆಗಳನ್ನು ಮಾಡುವ ಸಣ್ಣ ಕಾರ್ಯಾಗಾರದ ಗತಿಯೇನು? ಹಲಗೆಗೆ ನೂರು ಭಾಗಗಳಾದರೆ, ಕೆಲಸಗಾರನು ಚಿಮಟ ಹಿಡಿದು ಐದು ಸಾವಿರ ಸಲ ಕಣ್ಣು ಕಿರಿದು ಮಾಡಬೇಕು.

ಈ ಕೆಲಸವನ್ನು ಅಗ್ಗದ ರೋಬಾಟಿಗೆ ಒಪ್ಪಿಸಬಹುದು. ಅಮೆರಿಕದ ಸ್ಟೀಫನ್ ಹಾಸ್ ಎಂಬುವರು ರೂಪಿಸಿದ ‘ಲ್ಯೂಮನ್‌ಪಿಎನ್‌ಪಿ’ ಅಂಥದೊಂದು; ಅದರ ನಕ್ಷೆಗಳು ಎಲ್ಲರಿಗೂ ಮುಕ್ತ. ಇಂಥ ಯಂತ್ರವು ಮೇಜಿನ ಮೇಲೆ ಕೂರುವ ಚೌಕಟ್ಟು, ಕೆಲವು ಮೋಟಾರು, ಹಲ್ಲುಳ್ಳ ಬೆಲ್ಟುಗಳಿಂದ ಆದುದು. ಭಾಗವನ್ನು ಎತ್ತುವುದು ಸೂಜಿಯಂಥ ಕೊಳವೆ. ಅದರ ರಂಧ್ರದ ವ್ಯಾಸ ಅರ್ಧ ಮಿಲಿಮೀಟರು ಎನ್ನೋಣ. ಪಂಪು ಒಳಗಿನ ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ, ಹೊರಗಿನ ಗಾಳಿ ಸುಮಾರು ಒಂದು ಗ್ರಾಂ ತೂಕದಷ್ಟು ಬಲದಿಂದ ಭಾಗವನ್ನು ಒತ್ತಿ ಹಿಡಿಯುತ್ತದೆ. ರೆಸಿಸ್ಟರಿನ ತೂಕವಾದರೋ ಕೆಲವೇ ಮಿಲಿಗ್ರಾಂ!

ಇನ್ನು ಚಲನೆ. ಸ್ಟೆಪರ್ ಮೋಟಾರು ಸಾಮಾನ್ಯವಾಗಿ 200 ಹೆಜ್ಜೆಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದರ ಗಾಲಿಗೆ 20 ಹಲ್ಲು, ಹಲ್ಲಿಗೆ 2 ಮಿಲಿಮೀಟರಾದರೆ, ಸುತ್ತಿಗೆ 40 ಮಿಲಿಮೀಟರು, ಹೆಜ್ಜೆಗೆ 0.2. ಹೆಜ್ಜೆಯನ್ನು ವಿದ್ಯುತ್ತಿನಿಂದ ಹದಿನಾರು ಪಾಲು ಮಾಡಿದರೆ 0.0125. ಇದು ಕಾಗದದ ಮೇಲಿನ ಲೆಕ್ಕ. ಅಗ್ಗದ ಚೌಕಟ್ಟು ಓರೆಯಾಗಿರುತ್ತದೆ, ಬೆಲ್ಟು ಹಿಗ್ಗುತ್ತದೆ, ಭಾಗವೂ ಕೊಳವೆಗೆ ಸೊಟ್ಟಗೆ ಅಂಟಿಕೊಳ್ಳುತ್ತದೆ.

ಇಲ್ಲಿಯೇ ಯುಕ್ತಿಯಿರುವುದು. ಕೆಳಗಿನಿಂದ ಮೇಲಕ್ಕೆ ನೋಡುವ ಒಂದು ಕ್ಯಾಮರಾ ಭಾಗದ ಓರೆಯನ್ನು ಅಳೆಯುತ್ತದೆ. ಕೊಳವೆ ಅಷ್ಟೇ ತಿರುಗಿ ಅದನ್ನು ನೇರಮಾಡುತ್ತದೆ. ಮೇಲಿನಿಂದ ನೋಡುವ ಇನ್ನೊಂದು ಕ್ಯಾಮರಾ ಹಲಗೆಯ ಮೇಲಿನ ತಾಮ್ರದ ಗುರುತುಗಳನ್ನು ಹುಡುಕಿ, ಹಲಗೆಯು ಎಷ್ಟು ಸರಿದಿದೆಯೆಂದು ಲೆಕ್ಕ ಹಾಕುತ್ತದೆ. ಲೋಹವನ್ನು ನಿಖರವಾಗಿ ಕಡೆಯಲು ತಗಲುವ ಹಣ ಹೀಗೆ ಉಳಿಯಿತು. ಆದರೆ ಸಡಿಲವಾದ ಬೆಲ್ಟು ಪ್ರತಿ ಸಲವೂ ಬೇರೆ ಬೇರೆ ತಪ್ಪು ಮಾಡುತ್ತದೆ. ಅದಕ್ಕೆ ಕ್ಯಾಮರಾದ ಮದ್ದು ನಾಟದು.

ನಿಜವಾದ ತೊಡಕು, ನಮ್ಮ ಅಭಿಪ್ರಾಯದಲ್ಲಿ, ಭಾಗಗಳನ್ನು ಉಣಿಸುವುದರಲ್ಲಿದೆ. ಅವು 4 ಮಿಲಿಮೀಟರಿಗೊಂದು ತೂತಿರುವ ಪಟ್ಟಿಯಲ್ಲಿ, ತೆಳು ಹೊದಿಕೆಯಡಿ ಬರುತ್ತವೆ. ಪಟ್ಟಿಯನ್ನು ಎಳೆದು ಹೊದಿಕೆ ಸುಲಿಯಲು ಬಗೆಗೊಂದು ಉಣಿಕೆಯ ಸಾಧನ ಬೇಕು. ಇಪ್ಪತ್ತು ಬಗೆಗೆ ಇಪ್ಪತ್ತು. ವೆಚ್ಚವೂ ಅಣಿಮಾಡುವ ಹೊತ್ತೂ ಏರುವುದು ಇಲ್ಲಿಯೇ. ಎರಡೇ ಹಲಗೆ ಬೇಕಾದಲ್ಲಿ ಚಿಮಟವೇ ಲೇಸು.

ಪಟ್ಟಿಗಳು ಅದಲುಬದಲಾದರೆ ಯಂತ್ರವು ಅದೇ ತಪ್ಪನ್ನು ಐವತ್ತು ಹಲಗೆಗಳ ಮೇಲೂ ನಿಸ್ಸಂಶಯವಾಗಿ ಮಾಡಿಬಿಡುತ್ತದೆ. ಆದುದರಿಂದ ಮೊದಲು ಒಂದೇ ಹಲಗೆಯನ್ನು ಜೋಡಿಸಿ, ಕಾಯಿಸಿ ಬೆಸುಗೆ ಕೂಡಿಸಿ, ಪರೀಕ್ಷಿಸಿದ ಬಳಿಕವೇ ಉಳಿದ ನಲವತ್ತೊಂಬತ್ತನ್ನು ಅದಕ್ಕೆ ಒಪ್ಪಿಸತಕ್ಕದ್ದು.