ನಡೆದಾಡುವ ಬಾಳಿಗೆ ಆರೋಗ್ಯವಂತ ರಕ್ತನಾಳಗಳು

ಬಹುಕಾಲ ಬದುಕಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಬದುಕಿರುವಷ್ಟು ದಿನ ತಮ್ಮ ಕೆಲಸ ತಾವೇ ಮಾಡಿಕೊಂಡು, ಯಾರಿಗೂ ಭಾರವಾಗದೆ ನಡೆದಾಡಿಕೊಂಡಿರಬೇಕೆಂಬುದು ಅದಕ್ಕಿಂತ ದೊಡ್ಡ ಆಸೆ. ಈ ಎರಡೂ ಬಹುಮಟ್ಟಿಗೆ ನಮ್ಮ ರಕ್ತನಾಳಗಳನ್ನು ಅವಲಂಬಿಸಿವೆ. ಹೃದಯಾಘಾತ, ಲಕ್ವ, ಕಾಲಿನ ಗ್ಯಾಂಗ್ರೀನ್ ಇವು ಹೆಸರಿನಲ್ಲಿ ಬೇರೆ ಬೇರೆ. ಆದರೆ ಹೆಚ್ಚಿನ ರೋಗಿಗಳಲ್ಲಿ ಇವುಗಳ ಮೂಲ ಒಂದೇ: ರಕ್ತನಾಳ ಕೆಡುವುದು. ಮೂತ್ರಪಿಂಡ ಮತ್ತು ಕಣ್ಣಿನ ಅನೇಕ ತೊಂದರೆಗಳೂ ಇಲ್ಲಿಂದಲೇ ಆರಂಭವಾಗುತ್ತವೆ. ನಾಳ ಕೆಡುವಾಗ ನೋವಾಗುವುದಿಲ್ಲ. ನೋವು ಕಾಣಿಸುವ ಹೊತ್ತಿಗೆ ಬಹಳಷ್ಟು ಕೆಟ್ಟಿರುತ್ತದೆ. ಆದ್ದರಿಂದ ನೋವು ಬರುವ ಮೊದಲೇ ಎಚ್ಚರವಾಗುವುದು ಹೇಗೆ, ತೊಂದರೆ ಬಂದವರು ಮುಂದೆ ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ರಕ್ತನಾಳಗಳ ಕೆಲಸ

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಈ ರಕ್ತ ದೇಹವನ್ನು ಸುತ್ತಿ ಮತ್ತೆ ಹೃದಯಕ್ಕೇ ಬರುತ್ತದೆ ಎಂಬುದನ್ನು 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋರಿಸಿಕೊಟ್ಟರು.

ಹೃದಯದಿಂದ ರಕ್ತವನ್ನು ಒಯ್ಯುವ ನಾಳಗಳು ಅಪಧಮನಿಗಳು. ಹಿಂದಕ್ಕೆ ತರುವವು ಅಭಿಧಮನಿಗಳು. ಇವೆರಡರ ನಡುವೆ ಕೂದಲಿಗಿಂತ ತೆಳುವಾದ ಲೋಮನಾಳಗಳಿವೆ. ಎಷ್ಟೋ ಲೋಮನಾಳಗಳಲ್ಲಿ ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ, ಮೈ ಮುದುಡಿಕೊಂಡು ಸಾಗುತ್ತವೆ. ಮಾಂಸಖಂಡಕ್ಕೆ ಆಹಾರ ಮತ್ತು ಆಮ್ಲಜನಕ ದೊರೆಯುವುದು ಇಲ್ಲಿಯೇ.

ರಕ್ತನಾಳ ಬರೀ ಕೊಳವೆಯಲ್ಲ. ಅದರ ಒಳಗೋಡೆಗೆ ಜೀವಂತ ಕಣಗಳ ನಯವಾದ ಪದರವಿದೆ. ರಕ್ತ ರಭಸದಿಂದ ಹರಿದಾಗ ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ನಾಳವನ್ನು ಹಿಗ್ಗಿಸುತ್ತದೆ. ಇದನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಚುರುಕಾಗಿ ನಡೆಯುವವರ ನಾಳಗಳು ಮೃದುವಾಗಿ ಉಳಿಯಲು ಇದೂ ಒಂದು ಕಾರಣ.

ನಾಳ ಕಿರಿದಾಗುವುದು ಹೇಗೆ?

ಹೊಲದಲ್ಲಿ ಡ್ರಿಪ್ ಹಾಕಿಸಿದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಡಸು ನೀರು ಹರಿದು ಹರಿದು ಪೈಪಿನೊಳಗೆ ಉಪ್ಪು ಕಟ್ಟುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ, ಆದರೆ ಸಾಲಿನ ಕೊನೆಯ ಗಿಡಗಳು ಮೊದಲು ಬಾಡುತ್ತವೆ. ದೇಹದಲ್ಲಿ ಹೃದಯವೇ ಮೋಟಾರು, ಪಾದವೇ ಸಾಲಿನ ಕೊನೆಯ ಗಿಡ.

ಒಂದು ವ್ಯತ್ಯಾಸವಿದೆ. ಪೈಪಿನಲ್ಲಿ ಉಪ್ಪು ಒಳಮೈಗೆ ಅಂಟುತ್ತದೆ. ರಕ್ತನಾಳದಲ್ಲಿ ಕೊಬ್ಬು ಗೋಡೆಯ ಒಳಗೇ ಸೇರಿಕೊಂಡು ಗಂಟಿನಂತೆ ಬೆಳೆಯುತ್ತದೆ. ಬೀಡಿಯ ಹೊಗೆ, ಏರಿದ ರಕ್ತದೊತ್ತಡ, ಹೆಚ್ಚಿದ ಸಕ್ಕರೆ ಇವು ನಯವಾದ ಒಳಪದರವನ್ನು ಗಾಯಗೊಳಿಸುತ್ತವೆ. ಆ ಗಾಯದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಹತ್ತಾರು ವರ್ಷಗಳಲ್ಲಿ ನಾಳ ಗಡುಸಾಗಿ ಕಿರಿದಾಗುತ್ತದೆ. ಒಂದು ದಿನ ಆ ಗಂಟು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಕ್ಷಣಾರ್ಧದಲ್ಲಿ ಮುಚ್ಚಬಹುದು. ಹೃದಯದಲ್ಲಿ ಹೀಗಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಲಕ್ವ.

ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಭೌತಶಾಸ್ತ್ರದ ಲೆಕ್ಕ ಹಾಗಿಲ್ಲ. ಅದೇ ಒತ್ತಡದಲ್ಲಿ ನೇರ ಕೊಳವೆಯ ಅಗಲ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾಳ ಸ್ವಲ್ಪವೇ ಕಿರಿದಾದರೂ ತೊಂದರೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಕಾಲು ಕೊಡುವ ಮುನ್ಸೂಚನೆ

ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಇದನ್ನು 'ವಯಸ್ಸಾಯಿತು', 'ವಾಯು' ಎಂದು ಬಿಟ್ಟುಬಿಡುವವರೇ ಹೆಚ್ಚು. ಇದು ಕಾಲಿನ ಅಪಧಮನಿ ಕಿರಿದಾದುದರ ಲಕ್ಷಣವಾಗಿರಬಹುದು. ಕಾಲಿನ ನಾಳ ಕಿರಿದಾದವರಲ್ಲಿ ಹೃದಯದ ಮತ್ತು ಮೆದುಳಿನ ನಾಳಗಳೂ ಕಿರಿದಾಗಿರುವ ಸಂಭವ ಹೆಚ್ಚು. ಹಾಗಾಗಿ ಈ ನೋವು ಇಡೀ ದೇಹದ ಪರವಾಗಿ ಕಾಲು ಕೊಡುವ ಎಚ್ಚರಿಕೆ.

ಇದರ ಪರೀಕ್ಷೆಗೆ ಸೂಜಿ ಚುಚ್ಚಬೇಕಾಗಿಲ್ಲ. ಕೈಯ ಬಿ.ಪಿ.ಯಂತೆ ಕಾಲಿನ ಹರಡಿನ ಬಳಿಯೂ ಬಿ.ಪಿ. ನೋಡುತ್ತಾರೆ. ಕಾಲಿನ ಅಂಕಿಯನ್ನು ಕೈಯ ಅಂಕಿಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಈ ನೋವೇ ತಿಳಿಯದಿರಬಹುದು. ಅವರು ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೆಳಗಿನ ಲಕ್ಷಣಗಳಿದ್ದರೆ ತಡಮಾಡಬೇಡಿ:
1. ರಾತ್ರಿ ಮಲಗಿದಾಗ ಪಾದ ನೋಯುವುದು, ಕಾಲು ಇಳಿಬಿಟ್ಟರೆ ಹಿತವೆನಿಸುವುದು.
2. ಎರಡು ವಾರವಾದರೂ ಮಾಯದ ಗಾಯ. ಸಕ್ಕರೆ ಕಾಯಿಲೆಯವರು ಎರಡು ವಾರ ಕಾಯದೆ ಗಾಯ ಕಂಡ ದಿನವೇ ತೋರಿಸಬೇಕು.
3. ಬೆರಳಿನ ತುದಿ ಕಪ್ಪಾಗುವುದು.
4. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋಯುವುದು. ಇದು ತುರ್ತುಸ್ಥಿತಿ. ಕೆಲವೇ ಗಂಟೆಗಳಲ್ಲಿ ಚಿಕಿತ್ಸೆ ಸಿಕ್ಕರೆ ಮಾತ್ರ ಕಾಲು ಉಳಿಯುತ್ತದೆ.

ಮೊದಲು ಬಿಡಬೇಕಾದುದು ತಂಬಾಕು

ನಾಳಗಳ ಶತ್ರುಗಳಲ್ಲಿ ತಂಬಾಕು ಮೊದಲನೆಯದು. ಬೀಡಿ, ಸಿಗರೇಟು ಮಾತ್ರವಲ್ಲ, ಗುಟ್ಕಾ ಮತ್ತು ಎಲೆ ಅಡಿಕೆಯ ಜೊತೆ ಹಾಕುವ ತಂಬಾಕಿನಲ್ಲಿಯೂ ನಿಕೋಟಿನ್ ಇದೆ. ಅದು ನಾಳವನ್ನು ಸಂಕುಚಿತಗೊಳಿಸುತ್ತದೆ. ಬೀಡಿ ಸೇದುವ ಯುವಕರಲ್ಲಿ ಬರ್ಗರ್ ಕಾಯಿಲೆ ಎಂಬುದು ಕಂಡುಬರುತ್ತದೆ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯರು ಇದನ್ನು ವಿವರವಾಗಿ ವರ್ಣಿಸಿದರು. ಮೂವತ್ತು, ನಲವತ್ತರ ವಯಸ್ಸಿನಲ್ಲೇ ಕಾಲ್ಬೆರಳು, ಕೈಬೆರಳು ಕೊಳೆತು ಕತ್ತರಿಸಬೇಕಾಗುತ್ತದೆ. ತಂಬಾಕನ್ನು ಪೂರ್ತಿ ಬಿಟ್ಟವರಲ್ಲಿ ಈ ರೋಗ ಸಾಮಾನ್ಯವಾಗಿ ನಿಲ್ಲುತ್ತದೆ. 'ದಿನಕ್ಕೆ ಎರಡೇ' ಎನ್ನುವವರಲ್ಲಿ ನಿಲ್ಲುವುದಿಲ್ಲ.

ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಅದರಿಂದ ಬಂದಿದ್ದ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಡಲು ಕಷ್ಟವಾದರೆ ನಾಚಿಕೆ ಬೇಡ, ವೈದ್ಯರನ್ನು ಕೇಳಿ. ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೂ ಕರೆ ಮಾಡಬಹುದು.

ನಡಿಗೆಯೇ ಔಷಧಿ

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಲಂಡನ್ನಿನ ಸಾರಿಗೆ ನೌಕರರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಎರಡು ಅಂತಸ್ತಿನ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದರು. ಕಂಡಕ್ಟರ್ ಟಿಕೆಟ್ ಕೊಡಲು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಒಂದೇ ಬಸ್ಸು, ಒಂದೇ ಊರು. ಆದರೂ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಇತ್ತು, ಬಂದರೂ ತಡವಾಗಿ ಬರುತ್ತಿತ್ತು. ಅನಂತರ ನಡೆದ ಅನೇಕ ಅಧ್ಯಯನಗಳು ದೇಹಶ್ರಮದ ಲಾಭವನ್ನು ದೃಢಪಡಿಸಿವೆ.

ವಾರದಲ್ಲಿ ಕನಿಷ್ಠ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆಯಬೇಕು. ಮಾತನಾಡಲು ಬರುವಂತಿರಬೇಕು, ಹಾಡಲು ಬಾರದಂತಿರಬೇಕು. ಅದೇ ಸರಿಯಾದ ವೇಗ.

ಕಾಲಿನ ನಾಳ ಕಿರಿದಾದವರು 'ನಡೆದರೆ ನೋವು' ಎಂದು ಕುಳಿತುಬಿಡುತ್ತಾರೆ. ವೈದ್ಯರ ಒಪ್ಪಿಗೆ ಇದ್ದರೆ ಅವರಿಗೂ ನಡಿಗೆಯೇ ಚಿಕಿತ್ಸೆ. ನೋವು ಸಾಕಷ್ಟು ಹೆಚ್ಚುವವರೆಗೆ ನಡೆಯಿರಿ. ನಿಲ್ಲಿರಿ. ನೋವು ಹೋದ ಮೇಲೆ ಮತ್ತೆ ನಡೆಯಿರಿ. ಹೀಗೆ ವಿಶ್ರಾಂತಿಯೂ ಸೇರಿ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, 12 ವಾರ ಬಿಡದೆ ಮಾಡಿದರೆ ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಪಾದದಲ್ಲಿ ಗಾಯವಿದ್ದರೆ, ಕುಳಿತಾಗಲೂ ನೋವಿದ್ದರೆ, ನಡೆಯುವಾಗ ಎದೆ ಬಿಗಿದರೆ ಇದನ್ನು ಮಾಡಕೂಡದು.

ಊಟದಲ್ಲಿ ಏನು ಬದಲಾಗಬೇಕು?

ಜೋಳದ ರೊಟ್ಟಿ, ರಾಗಿ ಮುದ್ದೆ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ ಇವು ಒಳ್ಳೆಯ ಆಹಾರ. ಕೆಡುತ್ತಿರುವುದು ಅವುಗಳ ಪಕ್ಕದಲ್ಲಿ ಬಡಿಸಿಕೊಳ್ಳುವ ಪದಾರ್ಥಗಳಿಂದ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್‌ಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬೇಡಿ. ಮಿರ್ಚಿ, ಬಜ್ಜಿ, ಬೇಕರಿ ತಿಂಡಿಗಳು ಹಬ್ಬಕ್ಕಿರಲಿ, ದಿನನಿತ್ಯಕ್ಕೆ ಬೇಡ. ಸಕ್ಕರೆ ಕಾಯಿಲೆಯವರು ರೊಟ್ಟಿ, ಮುದ್ದೆಯನ್ನೂ ಅಳತೆಯಲ್ಲಿಯೇ ತಿನ್ನಬೇಕು.

ರೋಗಿಗಳು ಕೇಳುವ ಪ್ರಶ್ನೆಗಳು

ಪ್ರಶ್ನೆ: ತಲೆನೋವು, ತಲೆಸುತ್ತು ಏನೂ ಇಲ್ಲ. ಆದರೂ ಬಿ.ಪಿ. ಇದೆ ಎನ್ನುತ್ತಾರಲ್ಲ?
ಉತ್ತರ: ಹೆಚ್ಚಿನವರಲ್ಲಿ ಬಿ.ಪಿ.ಗೆ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಏರು ರಕ್ತದೊತ್ತಡ. ಅಳೆದೇ ತಿಳಿಯಬೇಕು.

ಪ್ರಶ್ನೆ: ಮಾತ್ರೆಯಿಂದ ಬಿ.ಪಿ. ಸರಿಯಾಗಿದೆ. ನಿಲ್ಲಿಸಬಹುದೇ?
ಉತ್ತರ: ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದಲೇ ಸರಿಯಾಗಿದೆ. ನೀವಾಗಿಯೇ ನಿಲ್ಲಿಸಿದರೆ ಮತ್ತೆ ಏರುತ್ತದೆ. ಮಾತ್ರೆ ಕೊಳ್ಳಲು ಹಣದ ತೊಂದರೆ ಇದ್ದರೆ ವೈದ್ಯರಿಗೆ ಹೇಳಿ. ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗಳಿವೆ.

ಪ್ರಶ್ನೆ: ಪುಡಿ ಉಪ್ಪಿನ ಬದಲು ಸೈಂಧವ ಲವಣ ತಿನ್ನಬಹುದೇ?
ಉತ್ತರ: ಅದರಲ್ಲಿಯೂ ಹೆಚ್ಚಿನ ಪಾಲು ಸೋಡಿಯಂ ಕ್ಲೋರೈಡೇ. ಬಿ.ಪಿ.ಗೆ ಎರಡೂ ಒಂದೇ.

ಪ್ರಶ್ನೆ: ಸ್ಟೆಂಟ್ ಹಾಕಿದ ಮೇಲೆ ರೋಗ ಹೋದಂತೆಯೇ?
ಉತ್ತರ: ಸ್ಟೆಂಟ್ ಒಂದು ಜಾಗವನ್ನು ಮಾತ್ರ ತೆರೆಯುತ್ತದೆ. ಉಳಿದ ನಾಳಗಳು ಹಾಗೆಯೇ ಇರುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಹಲ್ಲು ಕೀಳಿಸುವಾಗಲೂ ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಪ್ರಶ್ನೆ: ಸೋಮವಾರ, ಶ್ರಾವಣದಲ್ಲಿ ಉಪವಾಸ ಮಾಡುತ್ತೇನೆ. ಸಕ್ಕರೆ ಮಾತ್ರೆ ಹೇಗೆ?
ಉತ್ತರ: ಊಟ ಬಿಟ್ಟು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ತಾವಾಗಿಯೇ ಔಷಧಿ ಬಿಡುವುದೂ ತಪ್ಪು. ವೈದ್ಯರನ್ನು ಮೊದಲೇ ಕೇಳಿ.

ಜೊತೆಗೆ ಬಂದ ಮನೆಯವರಿಗೆ

ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಲಕ್ವದ ಲಕ್ಷಣ. ರೋಗಿ ಕೊನೆಯ ಸಲ ಸರಿಯಾಗಿದ್ದ ಸಮಯವನ್ನು ನೆನಪಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದವರಿಗೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿಗೆ ನೀರು, ಊಟ, ಮಾತ್ರೆ ಹಾಕಬೇಡಿ. ನಾಟಿ ಔಷಧಿ ಹುಡುಕುತ್ತ ಆ ಹೊತ್ತನ್ನು ಕಳೆಯಬೇಡಿ. ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡರೆ 'ಗ್ಯಾಸ್' ಎಂದು ಬೆಳಗಿನವರೆಗೆ ಕಾಯಬೇಡಿ.

ಸಕ್ಕರೆ ಕಾಯಿಲೆಯ ಹಿರಿಯರ ಪಾದವನ್ನು ದಿನವೂ ರಾತ್ರಿ ನೋಡಿ. ಬೆರಳ ಸಂದು, ಹಿಮ್ಮಡಿ ಅವರಿಗೆ ಕಾಣುವುದಿಲ್ಲ. ದೇವಸ್ಥಾನ, ಮಠಗಳ ಅಂಗಳದಲ್ಲಿ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಅವರು ಬರಿಗಾಲಲ್ಲಿ ನಡೆಯದಂತೆ ನೋಡಿಕೊಳ್ಳಿ. ಸುಟ್ಟದ್ದು ತಿಳಿಯದೆ ಬೊಬ್ಬೆ ಬರುತ್ತದೆ, ಅದೇ ಗಾಯವಾಗುತ್ತದೆ. ನಿಮಗೂ ಮೂವತ್ತು ದಾಟಿದ್ದರೆ ರೋಗಿಯ ಜೊತೆ ಬಂದ ಈ ದಿನವೇ ನಿಮ್ಮ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ.

ತಂಬಾಕು ಬಿಡುವುದು, ದಿನವೂ ನಡೆಯುವುದು, ಉಪ್ಪು ಎಣ್ಣೆ ಇಳಿಸುವುದು, ಅಂಕಿಗಳನ್ನು ತಿಳಿದಿರುವುದು, ಮಾತ್ರೆ ತಪ್ಪಿಸದಿರುವುದು. ಈ ಐದರಲ್ಲಿ ಮಾತ್ರೆ ಬಿಟ್ಟರೆ ಮಿಕ್ಕವುಗಳಿಗೆ ಹೆಚ್ಚು ಖರ್ಚಿಲ್ಲ. ತಂಬಾಕು ಬಿಟ್ಟರೆ ಹಣವೂ ಉಳಿಯುತ್ತದೆ. ನಾಳ ಚೆನ್ನಾಗಿದ್ದರೆ ಕೈಕಾಲು ಗಟ್ಟಿ, ಕೈಕಾಲು ಗಟ್ಟಿಯಿದ್ದರೆ ಕಾಯಕವೂ ಉಂಟು, ಸ್ವಾಭಿಮಾನವೂ ಉಂಟು. ಇಂದೇ ಆರಂಭಿಸಿ.